ವಿಮಾನದ ಮೂತಿಗೆ ದೊಡ್ಡವ್ವನ ಉಂಡಿ ಡಬ್ಬಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಇದನ್ನು ನೋಡಿ ಟೈಪು ಮಾಡುವವರು ಯಾರೋ ಪಾಪ, ಅವರ ಕಣ್ಣುಗಳಿಗೆ ನನ್ನ ನಮಸ್ಕಾರ. ನನ್ನ ಮಾತುಗಳೂ ಅಷ್ಟೇ, ಓದಿಕೊಂಡವರು ಬರೆದ ಹಾಗೆ ಇರುವುದಿಲ್ಲ. ಆದರೆ ಒಂದು ವಿಷಯ ಹೇಳಲೇಬೇಕು: ನನಗೆ ಗೀಟು ಎಳೆಯಲು ಬರುತ್ತದೆ. ನಾನು ಬರಿಗೈಯಲ್ಲಿ ಎಳೆದ ಗೀಟಿನ ಪಕ್ಕದಲ್ಲಿ ಸ್ಕೇಲು ಇಟ್ಟರೆ ಸ್ಕೇಲೇ ನಾಚಿ ಡೊಂಕಾಗಬೇಕು! ಇಂಥ ನಾನು, ಭೂಮಂಡಲದಲ್ಲಿ ಯಾರೂ ಮಾಡದಷ್ಟು ನಿಖರವಾದ ವಿಮಾನದ ಮೂತಿಯೊಂದನ್ನು ಕೂಡ್ಲಿಗಿಯ ನಮ್ಮ ಅಡುಗೆಮನೆಯಲ್ಲಿ ಮಾಡಿ ತೋರಿಸುತ್ತೇನೆಂದು ಶಪಥ ಮಾಡಿದ್ದೆ. ಆ ಶಪಥ ಏನಾಯಿತು ಎಂಬುದೇ ಈ ಬರಹ.

ನನ್ನ ಹೆಸರು ಕ್ರಾಂತಿ. ನಗಬೇಡಿ. ಹೆಸರಿಡುವಾಗ ನಾನು ಹೀಗಾಗುತ್ತೇನೆ ಎಂದು ಅಪ್ಪನಿಗೆ ಹೇಗೆ ಗೊತ್ತಾಗಬೇಕು? ಮನೆಗೆ ಯಾರಾದರೂ ಬಂದರೆ ಬಾಗಿಲ ಹಿಂದೆ ಸೇರಿಕೊಳ್ಳುವವಳು ನಾನು. ಅಂಗಡಿಗೆ ಹೋದರೆ ಬೇರೆ ಯಾರಾದರೂ ಬಂದು ಸೋಪು ಕೇಳುವವರೆಗೆ ಕಾದು ನಿಂತು, ನನಗೂ ಅದೇ ಎಂದು ಬೆರಳು ತೋರಿಸಿ ತರುವವಳು. ಕಾಲೇಜು ಬಿಟ್ಟದ್ದೂ ಹೀಗೆಯೇ. ಒಂದು ದಿನವೂ ತಪ್ಪಿಸದೆ ಹೋಗುತ್ತಿದ್ದೆ. ಆದರೆ ಹಾಜರಿ ಕೂಗುವಾಗ ನನ್ನ "ಎಸ್ ಮೇಡಂ" ಗಂಟಲು ದಾಟಿ ಹೊರಗೆ ಬರುವಷ್ಟರಲ್ಲಿ ಮೇಡಂ ಕೊನೆಯ ಹೆಸರನ್ನೂ ಮುಗಿಸಿ ಪಾಠ ಶುರು ಮಾಡಿರುತ್ತಿದ್ದರು. ವರ್ಷದ ಕೊನೆಗೆ ಹಾಜರಿ ಕೊರತೆ! ದಿನವೂ ಕ್ಲಾಸಿನಲ್ಲಿ ಕೂತಿದ್ದು, ದಿನವೂ ಗೈರುಹಾಜರಾದವಳು ಇಡೀ ಕರ್ನಾಟಕದಲ್ಲಿ ನಾನೊಬ್ಬಳೇ ಇರಬೇಕು. ಪರೀಕ್ಷೆಗೆ ಕೂರಿಸಲಿಲ್ಲ. ನಾನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಮನೆಯಲ್ಲಿ ಕೂತು ವಿಮಾನ ಮಾಡತೊಡಗಿದೆ. ಹಾರುವ ವಿಮಾನವಲ್ಲ, ನೋಡುವ ವಿಮಾನ. ನೂರು ವರ್ಷದ ಹಿಂದೆ ಇದ್ದವಲ್ಲ, ಮೇಲೊಂದು ಕೆಳಗೊಂದು ರೆಕ್ಕೆ, ನಡುವೆ ಕಡ್ಡಿ, ಕಡ್ಡಿಗೆ ಕಟ್ಟಿದ ತಂತಿ, ಅಂಥವು. ಊದುಬತ್ತಿಯ ಕಡ್ಡಿ, ರಟ್ಟು, ಅಜ್ಜಿಯ ಹಳೆ ಸೀರೆಯ ತುಂಡು, ಇಷ್ಟಿದ್ದರೆ ಒಂದು ರೆಕ್ಕೆ. ಅಪ್ಪ ಹುಲುಗೇಶ್ ವಿದ್ಯುತ್ ಲೈನ್‌ಮನ್. ನನ್ನ ಮೊದಲ ವಿಮಾನ ನೋಡಿದವನೇ, "ನಮ್ಮ ವಂಶದಾಗ ನೆಲ ಬಿಟ್ಟು ಮ್ಯಾಲೆ ಹೋದಾವ ನಾನೊಬ್ನೇ ಅನ್ಕಂಡಿದ್ದೆ, ಮಗಳು ಕಂಬ ದಾಟಿ ಹೋದ್ಲು ನೋಡು!" ಎಂದು ಅದರ ಫೋಟೊ ತೆಗೆದು ಮೊಬೈಲಿನಲ್ಲಿ ಕಂಡಕಂಡವರಿಗೆಲ್ಲ ಕಳಿಸಿದ.

ಆ ಫೋಟೊ ಊರೂರು ಸುತ್ತಿ ಹೊಸಪೇಟೆಯ ಮೌನೇಶ್ ಎನ್ನುವವರ ಕಣ್ಣಿಗೆ ಬಿತ್ತು. ಅವರದು ಮಾದರಿಗಳನ್ನು ಮಾಡುವ ವರ್ಕ್‌ಶಾಪ್. ಅಣೆಕಟ್ಟು, ಗೋಪುರ, ರೈಲು, ವಿಮಾನ, ವಸ್ತುಪ್ರದರ್ಶನಕ್ಕೆ ಏನು ಬೇಕೋ ಅದನ್ನು ಸಣ್ಣದಾಗಿ ಮಾಡಿ ಕೊಡುತ್ತಾರೆ. ಅಪ್ಪನಿಗೆ ಫೋನ್ ಮಾಡಿದರು.

"ನಿಮ್ಮ ಹುಡುಗಿನ್ನ ಕೆಲಸಕ್ಕ ತಗೊಂಬೇಕಂತ ಐತ್ರಿ. ನಮ್ಮಲ್ಲಿ ಮಾರ್ಕ್ಸ್ ಕಾರ್ಡ್ ಕೇಳಂಗಿಲ್ಲ, ಕೈ ನೋಡ್ತೀವಿ. ನಕ್ಷೆ ಕಳಿಸ್ತೀನಿ, ಅದರ ಪ್ರಕಾರ ಒಂದು ವಿಮಾನ ಮಾಡ್ಲಿ. ರೆಕ್ಕಿ ಎಲ್ರೂ ಮಾಡ್ತಾರ್ರಿ. ನಾನು ನೋಡೋದು ಮೂತಿ. ಮೂತಿ ಅಳತಿ ತಪ್ಪಿತು ಅಂದ್ರ ಇಡೀ ವಿಮಾನ ತಪ್ಪಿದಂಗ!"

ನಾನು ಹಿಗ್ಗಿಹೋದೆ. ಮಾತಾಡಬೇಕಿಲ್ಲದ ಕೆಲಸ! ಹಾಜರಿ ಕೂಗದ ಜಾಗ! ದೇವರು ನನಗಾಗಿಯೇ ಒಂದು ವರ್ಕ್‌ಶಾಪ್ ಸೃಷ್ಟಿಸಿ ಹೊಸಪೇಟೆಯಲ್ಲಿ ಇಟ್ಟಿದ್ದಾನೆ ಎನ್ನಿಸಿತು. ಆದರೆ ಅವ್ವ ಅಷ್ಟು ಸುಲಭಕ್ಕೆ ಬಗ್ಗುವವಳಲ್ಲ. ಅವ್ವ ರೇಖಾ ಅಂಗನವಾಡಿ ಟೀಚರು. ಓಣಿಯ ಮಕ್ಕಳೆಲ್ಲ ಅವಳ ಒಂದು ಹುಬ್ಬಿಗೆ ಹೆದರುತ್ತಾರೆ, ನಾನು ಎರಡಕ್ಕೂ ಹೆದರುತ್ತೇನೆ.

"ಆತು, ಮಾಡು. ಅವರು ಬಂದು ನೋಡಿ ಹ್ಞೂಂ ಅಂದ್ರ ಹೋಗು. ಊಹ್ಞೂಂ ಅಂದ್ರ ಮತ್ತ ಕಾಲೇಜಿಗೆ ಸೇರ್ಬೇಕು, ಹಾಜರಿಗೆ ಬಾಯಿ ಬಿಡಬೇಕು. ಒಪ್ಗಿಯೇನು?"

ನಾನು ತಲೆಯಾಡಿಸಿದೆ. ಆ ಕ್ಷಣದಿಂದ ಆ ಮೂತಿಯೇ ನನ್ನ ಪ್ರಾಣ.

ಈ ಮೂತಿಗೆ ಕೌಲಿಂಗ್ ಎನ್ನುತ್ತಾರೆ. ಇಂಜಿನ್ನಿನ ಮುಂದೆ ಹಾಕುವ ದುಂಡನೆಯ ತಗಡಿನ ಮುಚ್ಚಳ. ಅಂಚು ಒಳಕ್ಕೆ ಬಾಗಿರುತ್ತದೆ, ನಡುವೆ ಗಾಳಿಗೆ ತೂತು. ಆ ಕಾಲದ ಇಂಜಿನ್ನು ತಾನೇ ಗಿರಗಿರ ಸುತ್ತುತ್ತ ಎಣ್ಣೆ ಚಿಮ್ಮುತ್ತಿತ್ತು. ಅದು ಹಾರಿಸುವವನ ಮುಖಕ್ಕೆ ಎರಚದಿರಲಿ ಎಂದು ಈ ಮುಚ್ಚಳ. ಎಣ್ಣೆ ಎಂದರೆ ಯಾವ ಎಣ್ಣೆ? ಹರಳೆಣ್ಣೆ! ಇದನ್ನು ಅಜ್ಜಿಗೆ ಹೇಳಿದಾಗ ಅವಳು ಎಲೆ ಅಡಿಕೆ ಅಗಿಯುವುದನ್ನೇ ನಿಲ್ಲಿಸಿದಳು.

"ಹರಳೆಣ್ಣಿ ಕುಡುದು ಇಮಾನ ಮ್ಯಾಲೆ ಹೋಗ್ತಿತ್ತಾ?"

"ಹ್ಞೂಂ ಅಜ್ಜಿ."

"ನಾವು ಕುಡುದಾಗ ಬರೇ ಬಯಲಿಗೆ ಹೋಗ್ತಿದ್ವಲ್ಲವ್ವಾ!"

ನಕ್ಷೆ ಬಂತು. ನಿಜವಾದ ವಿಮಾನದ ಏಳನೇ ಒಂದು ಭಾಗ. ಕೌಲಿಂಗಿನ ಅಡ್ಡಗಲ ಹದಿನಾಲ್ಕು ಸೆಂಟಿಮೀಟರ್, ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಡಿಮೆಯಿಲ್ಲ. ತಗಡನ್ನು ಯಾವುದಾದರೂ ಗುಂಡನೆಯ ಅಚ್ಚಿನ ಮೇಲೆ ಇಟ್ಟು ಬಡಿದರೆ ಅದೇ ಆಕಾರ ಬರುತ್ತದೆ. ಹಾಗಾದರೆ ಹದಿನಾಲ್ಕು ಸೆಂಟಿಮೀಟರಿನ ಅಚ್ಚು ಎಲ್ಲಿದೆ? ಅಪ್ಪ ಕೊಡಿಸಿದ ಕ್ಯಾಲಿಪರ್ ಎಂಬ ಅಳತೆಯ ಇಕ್ಕಳ ಹಿಡಿದು ಅಡುಗೆಮನೆಗೆ ದಾಳಿಯಿಟ್ಟೆ. ಚೊಂಬು, ಬೋಗುಣಿ, ಹಾಲಿನ ಪಾತ್ರೆ, ಒಗ್ಗರಣೆ ಡಬ್ಬಿ, ಎಲ್ಲದರ ತಳ ತಿರುಗಿಸಿ ಅಳೆದೆ. ಒಂದು ದಪ್ಪ, ಒಂದು ಸಣಕಲು. ಒಂದಂತೂ ದುಂಡಗೇ ಇರಲಿಲ್ಲ!

"ಪಾತ್ರಿ ತಳ ನೋಡಿ ಯಾರ ಹಣೆಬರಹ ಹೇಳ್ತಿಯವ್ವ?" ಎಂದ ಅಪ್ಪ.

ಆಗಲೇ ಪಕ್ಕದ ಮನೆಯಿಂದ ಆ ಡಬ್ಬಿ ಬಂತು.

ಪಕ್ಕದ ಮನೆಯ ನಾಗಲಿಂಗಮ್ಮನನ್ನು ನಾನು ದೊಡ್ಡವ್ವ ಎನ್ನುತ್ತೇನೆ. ಎನ್ನುತ್ತೇನೆ ಎಂದರೆ, ಮನಸ್ಸಿನಲ್ಲಿ. ಬಾಯಿಬಿಟ್ಟು ಕರೆದದ್ದು ಕಡಿಮೆ. ಅಂದು ಅವರು ಸ್ಟೀಲಿನ ಡಬ್ಬಿಯಲ್ಲಿ ಶೇಂಗಾ ಉಂಡಿ ಕಳಿಸಿದ್ದರು. ಎಲ್ಲರೂ ಉಂಡಿ ನೋಡಿದರು, ನಾನು ತಳ ನೋಡಿದೆ. ಕ್ಯಾಲಿಪರ್ ಇಟ್ಟೆ. ಹದಿನಾಲ್ಕು! ಅಡ್ಡ ಇಟ್ಟೆ, ಉದ್ದ ಇಟ್ಟೆ, ಮೂಲೆಯಿಂದ ಇಟ್ಟೆ, ದುಂಡಗಿರುವುದಕ್ಕೆ ಮೂಲೆ ಎಲ್ಲಿಯದು ಎಂಬುದೂ ಮರೆತು ಇಟ್ಟೆ. ಎಲ್ಲಿಂದ ಇಟ್ಟರೂ ಹದಿನಾಲ್ಕೇ! ಅಂಚಿನ ಬಾಗು ಸಹ ನಕ್ಷೆಯಲ್ಲಿದ್ದ ಹಾಗೆಯೇ! ಸಂತೋಷಕ್ಕೆ ಕ್ಯಾಲಿಪರನ್ನು ಎದೆಗೆ ಅವುಚಿಕೊಂಡು ನೆಮ್ಮದಿಯಾಗಿ ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಡಬ್ಬಿ ಇಲ್ಲ. ಅವ್ವ ಅದಕ್ಕೆ ಚಟ್ನಿಪುಡಿ ತುಂಬಿ ವಾಪಸು ಕೊಟ್ಟು ಬಂದಿದ್ದಳು.

ನಮ್ಮ ಕಡೆ ಇದೊಂದು ಪದ್ಧತಿ. ಪಕ್ಕದವರ ಪಾತ್ರೆಯನ್ನು ಬೇಗ ಕೊಡಬೇಕು, ಆದರೆ ಖಾಲಿ ಕೊಡಬಾರದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು. ಬೇರೆ ಯಾರಾದರೂ ಆಗಿದ್ದರೆ ಪಕ್ಕದ ಮನೆಗೆ ಹೋಗಿ, "ದೊಡ್ಡವ್ವ, ಆ ಡಬ್ಬಿ ಎರಡು ದಿನ ಕೊಡ್ರಿ" ಎನ್ನುತ್ತಿದ್ದರು. ನಾನೂ ಹೋದೆ. ಅವರ ಬಾಗಿಲವರೆಗೆ ಹೋದೆ. ಹೊಸಿಲ ಮೇಲಿನ ರಂಗೋಲಿ ನೋಡಿದೆ. ವಾಪಸು ಬಂದೆ.

ಕೇಳಲಾರೆ. ಆದರೆ ಉಪಾಯ ಮಾಡಬಲ್ಲೆ! ನಾವು ಏನಾದರೂ ಕಳಿಸಿದರೆ ಅವರೂ ಏನಾದರೂ ಕಳಿಸಲೇಬೇಕಲ್ಲವೇ? ಅವ್ವನ ಹಿಂದೆ ಬಿದ್ದು ಮಂಡಕ್ಕಿ ಒಗ್ಗರಣೆ ಮಾಡಿಸಿ ನಮ್ಮ ಬೋಗುಣಿಯಲ್ಲಿ ಕಳಿಸಿದೆ. ಮರುದಿನ ತುಂಬಿದ ಪಾತ್ರೆ ಬಂತು. ಯಾವ ಪಾತ್ರೆ? ನಮ್ಮದೇ ಬೋಗುಣಿ! ನಾವು ಕಳಿಸಿದರೆ ನಮ್ಮ ಪಾತ್ರೆ ತಾನೇ ತಿರುಗಿ ಬರುವುದು? ಇಷ್ಟು ಸಣ್ಣ ಲೆಕ್ಕ ನನ್ನ ತಲೆಗೆ ಹೊಳೆದಿರಲಿಲ್ಲ. ಅವರ ಡಬ್ಬಿ ಬರಬೇಕಾದರೆ ಅವರಾಗಿಯೇ ಮೊದಲು ಕಳಿಸಬೇಕು. ಅವರು ಕಳಿಸಬೇಕಾದರೆ ಅವರ ಅಡುಗೆಯನ್ನು ಹೊಗಳಬೇಕು. ಹೊಗಳಲು ಬಾಯಿ ಬೇಕು. ನಮ್ಮ ಮನೆಯಲ್ಲಿ ಬಾಯಿ ಎಂದರೆ ಅಜ್ಜಿ ಉಚ್ಚಂಗೆಮ್ಮ.

ಅಜ್ಜಿಗೆ ಗುಟ್ಟು ಹೇಳಿದೆ. ಅಜ್ಜಿ ಕಟ್ಟೆಯ ಮೇಲೆ ಕೂತು ಶುರು ಮಾಡಿದಳು.

"ನಾಗಲಿಂಗಮ್ಮಾ, ನಿನ್ನ ಕೈಯಾಗ ಏನೈತವ್ವಾ? ನೀನು ಮಾಡಿದ್ದು ತಿಂದ ಮ್ಯಾಲೆ ನಮ್ಮನಿ ಅಡಿಗಿ ಬಾಯಿಗೇ ಹತ್ತವಲ್ದು!"

"ಹೋಗು ಯಮ್ಮಾ, ಏನರ ಅಂತಿ," ಎಂದು ದೊಡ್ಡವ್ವ ನಾಚಿದರು. ಮರುದಿನವೇ ಬದನೆಕಾಯಿ ಎಣ್ಣೆಗಾಯಿ ಬಂತು. ಬಟ್ಟಲಿನಲ್ಲಿ. ಅದರ ಮರುದಿನ ಗೋಧಿ ಹುಗ್ಗಿ ಬಂತು. ಪಾತೇಲಿಯಲ್ಲಿ. ಆಮೇಲೆ ಮಿರ್ಚಿ ಬಂತು, ತಟ್ಟೆಯಲ್ಲಿ. ಅವರ ಮನೆಯ ಪಾತ್ರೆಗಳೆಲ್ಲ ಒಂದಾದ ಮೇಲೊಂದು ನಮ್ಮ ಮನೆಗೆ ನೆಂಟರ ಹಾಗೆ ಬಂದು ಹೋದವು, ಆ ಡಬ್ಬಿಯೊಂದನ್ನು ಬಿಟ್ಟು! ಪ್ರತಿಯೊಂದನ್ನೂ ತುಂಬಿ ವಾಪಸು ಕಳಿಸಬೇಕಲ್ಲ, ಅವ್ವ ಅಂಗನವಾಡಿಯಿಂದ ಬಂದವಳೇ ಒಲೆಯ ಮುಂದೆ ನಿಲ್ಲುತ್ತಿದ್ದಳು. ಅವ್ವ ಪಾಯಸ ಕಳಿಸಿದರೆ ದೊಡ್ಡವ್ವ ಹೋಳಿಗೆ ಕಳಿಸುತ್ತಿದ್ದರು. ಹೋಳಿಗೆಗೆ ಸಮನಾಗಲಿ ಎಂದು ಅವ್ವ ಕರ್ಜಿಕಾಯಿ ಕರಿದಳು. ಎರಡು ಮನೆಗಳ ನಡುವೆ ಯುದ್ಧ ಘೋಷಣೆಯಾಗಿದೆ, ಬೀಳುತ್ತಿರುವುದು ಮಾತ್ರ ಬರೀ ಸಿಹಿ!

ಒಂದು ಬೆಳಿಗ್ಗೆ ಅಪ್ಪ ಯೂನಿಫಾರಂ ಪ್ಯಾಂಟಿನ ಗುಂಡಿ ಹಾಕಲು ಹೆಣಗಾಡುತ್ತ, "ಲೇ ರೇಖಾ, ಇದೇನು ನಮ್ಮನಿಯಾಗ ದಿನಾ ಮದಿವಿ? ಹಿಂಗಾದ್ರ ನಾನು ಕಂಬ ಹತ್ತಂಗಿಲ್ಲ, ಕಂಬನ ಬಗ್ತೈತಿ!" ಎಂದ.

"ನನ್ನೇನು ಕೇಳ್ತಿ? ಆಕಿ ಕಳ್ಸೋದು ನಿಲ್ಲಿಸಿದ್ರ ನಾನೂ ನಿಲ್ಲಿಸ್ತೀನಿ!" ಎಂದಳು ಅವ್ವ.

ಇಬ್ಬರ ಕಷ್ಟವೂ ನನಗೆ ಕಾಣುತ್ತಿತ್ತು. ಆದರೆ ಮೌನೇಶ್ ಅವರು ಭಾನುವಾರ ಕೊಟ್ಟೂರಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆಗೆ ಬಂದು ನೋಡುವುದಾಗಿ ತಿಳಿಸಿಬಿಟ್ಟಿದ್ದರು. ರೆಕ್ಕೆ ಸಿದ್ಧ, ಬಾಲ ಸಿದ್ಧ, ಚಕ್ರ ಸಿದ್ಧ. ಮೂತಿಯಿಲ್ಲದ ವಿಮಾನ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿತ್ತು. ಕೊನೆಗೆ ಅಜ್ಜಿಗೇ ಹೊಳೆಯಿತು. "ಉಂಡಿ ಬಂದಾಗ ಡಬ್ಬಿ ಬಂದಿತ್ತಲ್ಲೇನು? ಉಂಡಿನೇ ಕೇಳ್ತೀನಿ ತಡಿ!" ಎಂದವಳೇ ಕಟ್ಟೆಗೆ ಹೋಗಿ, ತನಗೆ ಸಾಯುವುದರೊಳಗೆ ಇನ್ನೊಮ್ಮೆ ಆ ಶೇಂಗಾ ಉಂಡಿ ತಿನ್ನುವ ಆಸೆ ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಶುಕ್ರವಾರ ಸಂಜೆ ಡಬ್ಬಿ ಬಂತು!

ಶನಿವಾರ ಬೆಳಿಗ್ಗೆ ಎದ್ದವಳೇ ಉಂಡಿಗಳನ್ನು ಬೇರೆ ಪಾತ್ರೆಗೆ ಹಾಕಿ, ಡಬ್ಬಿ ತೊಳೆದು ಒರೆಸಿದೆ. ಖಾಲಿ ಡಬ್ಬಿಯ ಮೇಲೆ ಬಡಿದರೆ ನುಗ್ಗಾಗುತ್ತದೆ. ಅದಕ್ಕೆ ಹಿತ್ತಿಲಿನ ಉಸುಕು ಜರಡಿ ಹಿಡಿದು ಒಳಗೆ ಗಟ್ಟಿಯಾಗಿ ತುಂಬಿ ಮುಚ್ಚಳ ಬಿಗಿದೆ. ಅಲ್ಯೂಮಿನಿಯಂ ತಗಡಿಗೆ ಬಟ್ಟೆ ಸೋಪು ಸವರಿ ಗ್ಯಾಸಿನ ಮೇಲೆ ಹಿಡಿದೆ. ಸೋಪು ಕಪ್ಪಾದರೆ ತಗಡು ಮೆತ್ತಗಾಯಿತು ಎಂದು ಅರ್ಥ. ಮೆತ್ತಗಾದ ತಗಡನ್ನು ಡಬ್ಬಿಯ ತಳಕ್ಕೆ ಕೂರಿಸಿ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ತಟ್ಟುವುದು, ಕಾಯಿಸುವುದು, ಮತ್ತೆ ತಟ್ಟುವುದು. ರೊಟ್ಟಿ ಬಡಿಯುವ ಹಾಗೆ ಸುತ್ತಲೂ ಸಮನಾಗಿ ತಟ್ಟುತ್ತ ಹೋದಂತೆ ತಗಡು ಅಂಚಿನ ಮೇಲೆ ಬಾಗಿತು, ಬಳುಕಿತು, ಡಬ್ಬಿಯನ್ನು ಅಪ್ಪಿಕೊಂಡಿತು! ನಡುವಿನ ತೂತನ್ನೂ ಕತ್ತರಿಸಿ ಅರದಿಂದ ಉಜ್ಜಿದೆ. ಒಂದು ಸುಕ್ಕಿಲ್ಲ, ಒಂದು ಗೀರಿಲ್ಲ. ಕನ್ನಡಿಯ ಹಾಗೆ ಹೊಳೆಯಿತು.

ಇನ್ನು ತೆಗೆಯಬೇಕಲ್ಲ? ಎಳೆದೆ. ಬರಲಿಲ್ಲ. ತಿರುಗಿಸಿದೆ. ಬರಲಿಲ್ಲ. ಎಷ್ಟು ನಿಖರವಾಗಿ ಕೂತಿತ್ತು ಎಂದರೆ ಡಬ್ಬಿಗೂ ಅದಕ್ಕೂ ನಡುವೆ ಗಾಳಿಗೂ ಜಾಗವಿರಲಿಲ್ಲ! ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿ, ಮೊಬೈಲಿನಲ್ಲಿ ಏನಾದರೂ ದಾರಿ ಸಿಗುತ್ತದೆಯೇ ನೋಡೋಣ ಎಂದು ಹೊರಗಿನ ಕೋಣೆಗೆ ಹೋದೆ. ಅರ್ಧ ಗಂಟೆ ಹುಡುಕಿದ ಮೇಲೆ ದಾರಿ ಸಿಕ್ಕಿತು: ಬಿಸಿನೀರು ಹೊಯ್ಯಬೇಕು. ಓಡಿ ಬಂದೆ.

ಡಬ್ಬಿ ಇಲ್ಲ.

"ಅವ್ವಾ! ಡಬ್ಬಿ ಎಲ್ಲಿ?"

ಅವ್ವ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಮೀಟಿಂಗಿಗೆ ಹೊರಟಿದ್ದಳು. ಮುಖದ ತುಂಬ ಸಂತೋಷ.

"ಕೊಟ್ಟು ಬಂದೆ. ನನ್ನ ಮಗಳಿಗೂ ಬುದ್ಧಿ ಬಂತವ್ವ! ಡಬ್ಬಿ ತೊಳ್ದು, ತುಂಬಿ, ಮುಚ್ಚಿ ಇಟ್ಟಿದ್ದಿ. ಎತ್ತಿದ್ರ ಭಾರ ಇತ್ತು. ಸಕ್ರಿ ಹಾಕಿದ್ದೇನು? ಅಷ್ಟ್ಯಾಕ ಹಾಕಿದಿ?"

"ಉಸುಕು."

"ಏನು?"

"ಉಸುಕವ್ವಾ. ಹಿತ್ತಲ ಉಸುಕು."

ಅವ್ವನ ಕೈಯಲ್ಲಿದ್ದ ನೆರಿಗೆ ಬಿಚ್ಚಿ ನೆಲಕ್ಕೆ ಬಿತ್ತು. "ಅಯ್ಯಯ್ಯೋ! ಅವರು ಉಂಡಿ ಕೊಟ್ರ ನಾನು ಮಣ್ಣು ಕೊಟ್ನೇನು?"

ಇಬ್ಬರೂ ಪಕ್ಕದ ಮನೆಗೆ ಓಡಿದೆವು. ದೊಡ್ಡವ್ವನ ಗಂಡ ಗಂಗಪ್ಪ ಒಬ್ಬರೇ ಪೇಪರು ಓದುತ್ತ ಕೂತಿದ್ದರು.

"ಆಕಿ ಈಗರ ಹಗರಿಬೊಮ್ಮನಹಳ್ಳಿ ಬಸ್ಸಿಗೆ ಹೋದ್ಲಲ್ಲವಾ, ಮಗಳ ಮನಿಗೆ. ಚಂದನಾ ಬಸುರಿ ಅದಾಳ, ಬಾಯಿಗೆ ರುಚಿ ಇಲ್ಲಂತ. ನೀವು ಡಬ್ಬಿ ತುಂಬಿ ಕೊಟ್ಟಿದ್ದು ಚಲೋ ಆತು ನೋಡು. ರೇಖಾ ಏನೋ ಭಾರಿ ಮಾಡಿ ಕೊಟ್ಟಾಳ, ತಗದ್ರ ಆರತೈತಿ, ಬೀಗತಿ ಮುಂದನ ತಗೀತೀನಿ ಅಂತ ಹಂಗೇ ಚೀಲಕ್ಕ ಹಾಕ್ಯಂಡು ಹೋದ್ಲು."

ಅವ್ವ ದೊಡ್ಡವ್ವನಿಗೆ ಫೋನ್ ಹಚ್ಚಿದಳು. ಗಂಗಪ್ಪನವರ ಕುರ್ಚಿಯ ಪಕ್ಕದಲ್ಲೇ, ಚಾರ್ಜಿಗೆ ಹಾಕಿದ್ದ ಫೋನು ರಿಂಗಾಯಿತು.

"ನಾನು ಮೀಟಿಂಗ್ ಬಿಡಂಗಿಲ್ಲ," ಎಂದಳು ಅವ್ವ. "ಅಜ್ಜಿನ್ನ ಕರ್ಕೊಂಡು ಈಗಿಂದೀಗ ಹೋಗು. ನಮ್ಮ ಮರ್ವಾದಿ ತಗೊಂಡು ಬಾ. ಆಮ್ಯಾಲೆ ನಿನ್ನ ಮೂತಿ ತಗೊಂಡು ಬಾ!"

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಒಂದೇ ಯೋಚನೆ. ಬೀಗರ ಮುಂದೆ ಮುಚ್ಚಳ ತೆರೆಯುತ್ತಾರೆ. ಒಳಗೆ ಉಸುಕು. ತವರಿನವರು ಮಣ್ಣು ತಂದರು ಎಂದು ಚಂದನಕ್ಕನಿಗೆ ಜೀವನಪೂರ್ತಿ ಮಾತು! ಸಿಟ್ಟಿನಲ್ಲಿ ಡಬ್ಬಿಯನ್ನು ಎಸೆಯುತ್ತಾರೆ. ನನ್ನ ಕೌಲಿಂಗ್ ಚಪ್ಪಟೆ! ನಾಳೆ ಮೌನೇಶ್ ಊಹ್ಞೂಂ ಎನ್ನುತ್ತಾರೆ. ನಾಡಿದ್ದು ಕಾಲೇಜು. "ಎಸ್ ಮೇಡಂ!" ಅಜ್ಜಿ ಮಾತ್ರ ನಿಶ್ಚಿಂತೆಯಿಂದ ಉಳಿದ ಉಂಡಿ ತಿನ್ನುತ್ತಿದ್ದಳು.

ಚಂದನಕ್ಕನ ಮನೆಯ ಬಾಗಿಲು ತೆರೆದೇ ಇತ್ತು. ನಾನು ಅಜ್ಜಿಯ ಬೆನ್ನ ಹಿಂದಿನಿಂದ ಇಣುಕಿ ನೋಡಿದೆ. ಜಗಳವಿಲ್ಲ, ಕೂಗಾಟವಿಲ್ಲ. ದೇವರ ಮೂಲೆಯಲ್ಲಿ ಒಂದು ತಾಟು. ತಾಟಿನ ತುಂಬ ನಮ್ಮ ಹಿತ್ತಿಲಿನ ಉಸುಕು. ಅದರ ಮೇಲೆ ಅರಿಶಿನ ಕುಂಕುಮ, ಒಂದು ಕನಕಾಂಬರ ಹೂವು! ಪಕ್ಕದಲ್ಲಿ ಊದುಬತ್ತಿ ಹೊಗೆಯಾಡುತ್ತಿತ್ತು.

ನಮ್ಮನ್ನು ನೋಡಿದ್ದೇ ದೊಡ್ಡವ್ವ ದಡಬಡ ಎದ್ದು ಬಂದು ಅಜ್ಜಿಯ ಕೈ ಹಿಡಿದು ಜೋರಾಗಿ ಹೇಳಿದರು: "ಬಾ ಯಮ್ಮಾ! ಈಗರ ಬೀಗತಿಗೆ ಹೇಳ್ತಿದ್ದೆ. ಬಸುರಿಗೆ ದೃಷ್ಟಿ ಆಗಬಾರದಂತ ನಮ್ಮ ಓಣಿ ಹಿರಿ ಜೀವ ಉಚ್ಚಂಗೆಮ್ಮ ಮಂತ್ರಿಸಿ ಕೊಟ್ಟ ಉಸುಕು ಇದು ಅಂತ!" ಎಂದು, ಅಜ್ಜಿಯ ಅಂಗೈಯನ್ನು ಬಲವಾಗಿ ಚಿವುಟಿದರು.

ಮುಚ್ಚಳ ತೆರೆದು ಉಸುಕು ಕಂಡ ಕೂಡಲೇ, ಕಣ್ಣು ಮಿಟುಕಿಸುವುದರೊಳಗೆ ದೊಡ್ಡವ್ವ ಕಟ್ಟಿದ ಕಥೆ ಅದು! ಮಗಳ ಮರ್ಯಾದೆಯನ್ನೂ ನಮ್ಮ ಮರ್ಯಾದೆಯನ್ನೂ ಒಂದೇ ಮಾತಿನಲ್ಲಿ ಉಳಿಸಿದ್ದರು. ಅಜ್ಜಿ ಅಂಥ ಮಾತಿಗೆ ಸೋಲುವವಳೇ? ಉಂಡಿ ನುಂಗಿ, ಬಾಯಿ ಒರೆಸಿ, ತಾಟಿನ ಮುಂದೆ ಕಣ್ಣು ಮುಚ್ಚಿದಳು.

"ಹ್ಞೂಂ. ಉಸುಕು ಶಾಂತ ಆಗೈತಿ," ಎಂದಳು.

ಬೀಗತಿ ಕೈಮುಗಿದು, "ಯಮ್ಮಾ, ಆಗಲೇ ಬಾಜೂ ಮನಿಯೋರು ಬಂದು ನೋಡಿ ಹೋದ್ರು. ಅವರ ಸೊಸಿಗೂ ಬೇಕಂತ, ಒಂದು ಡಬ್ಬಿ," ಎಂದರು.

ನಾನು ಅಷ್ಟರಲ್ಲಿ ಡಬ್ಬಿ ಹುಡುಕುತ್ತಿದ್ದೆ. ಡಬ್ಬಿ ಜಗಲಿಯ ಮೇಲೆ ತೊಳೆದು ಬೋರಲು ಹಾಕಿತ್ತು. ತಳ ಬರಿದು. ಕೌಲಿಂಗ್ ಎಲ್ಲಿ? ಹಿಂದೆ ನೋಡಿದೆ, ಮುಂದೆ ನೋಡಿದೆ. ಕಂಡಿತು! ಬಚ್ಚಲ ಬಾಗಿಲಲ್ಲಿ ತುಂಬಿದ ಕೊಡ. ಕೊಡದ ಕೆಳಗೆ ಸಿಂಬೆಯಾಗಿ ಕೂತಿದೆ ನನ್ನ ಕೌಲಿಂಗ್! ಹರಳೆಣ್ಣೆ ಚಿಮ್ಮುವ ಇಂಜಿನ್ನನ್ನು ಮುಚ್ಚಬೇಕಾಗಿದ್ದ ಮುಚ್ಚಳ ಒಂದು ಕೊಡ ನೀರನ್ನು ಹೊತ್ತುಕೊಂಡಿತ್ತು!

ಅಜ್ಜಿಯ ಸೆರಗು ಎಳೆದು ಬೆರಳು ತೋರಿಸಿದೆ.

"ಆ ಬಳಿ ಎಲ್ಲಿ ಸಿಕ್ತವ್ವ ನಿಮಗ?" ಎಂದು ಅಜ್ಜಿ ಕೇಳಿದಳು.

"ಡಬ್ಬಿ ತಳಕ್ಕ ಇತ್ರಿ. ಬಿಸಿನೀರಾಗ ತೊಳ್ಯಾಕ ಹೋದ್ರ ಪಟ್ಟಂತ ಬಂತು. ಸಿಂಬಿಗೆ ಅಂತ ಹೇಳಿ ಮಾಡಿಸಿದಂಗ ಐತ್ರಿ!" ಎಂದರು ಬೀಗತಿ.

"ಅಯ್ಯೋ, ಅದನ್ನ 'ಕಾವಲ ಬಳಿ' ಅಂತಾರವ್ವಾ. ಉಸುಕು ಹುಟ್ಟಿದ ಮನಿಗೆ ಅದು ಹೊತ್ತು ಮುಳುಗೋದ್ರೊಳಗ ವಾಪಸ್ ಹೋಗ್ಬೇಕು. ಉಸುಕು ನಿಮಗ, ಬಳಿ ನಮಗ!"

ಬೀಗತಿ ಗಾಬರಿಯಿಂದ ಕೊಡ ಇಳಿಸಿ, ಬಳಿಯನ್ನು ಸೆರಗಿನಿಂದ ಒರೆಸಿ, ಕುಂಕುಮ ಹಚ್ಚಿ ನನ್ನ ಕೈಗೆ ಕೊಟ್ಟರು. ನಾನು ಅಲ್ಲೇ ಬೆರಳಾಡಿಸಿ ನೋಡಿದೆ. ತುಂಬಿದ ಕೊಡ ಹೊತ್ತರೂ ಒಂದಿಷ್ಟೂ ಬಾಗಿರಲಿಲ್ಲ! ದೊಡ್ಡವ್ವ ಖಾಲಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ನಮ್ಮ ಜೊತೆಗೇ ಹೊರಟರು. ಬಸ್ಸು ಹತ್ತುವವರೆಗೂ ಗಂಭೀರವಾಗಿದ್ದು, ಹತ್ತಿದ ಮೇಲೆ ಅಜ್ಜಿ ಮತ್ತು ದೊಡ್ಡವ್ವ ಇಬ್ಬರೂ ನಕ್ಕ ನಗುವಿಗೆ ಕಂಡಕ್ಟರು ಟಿಕೆಟ್ ಕೊಡುವುದನ್ನೇ ಮರೆತು ನಿಂತ. ಆದರೆ ಡಬ್ಬಿಗೆ ಉಸುಕು ಯಾಕೆ ಬಂತು ಎಂದು ದೊಡ್ಡವ್ವ ಕೇಳಿದಾಗ ನಾನು ಕಿಟಕಿಯ ಹೊರಗೆ ನೋಡಿದೆ. ಅಜ್ಜಿ, "ನಾಳೆ ಮನಿಗೆ ಬಾ, ಗೊತ್ತಾಗ್ತೈತಿ," ಎಂದಳು.

ಭಾನುವಾರ ಮೌನೇಶ್ ಬಂದರು. ಅಪ್ಪ ಕುರ್ಚಿ ಹಾಕಿದ. ಅವ್ವ ಚಹಾ ಕೊಟ್ಟಳು. ದೊಡ್ಡವ್ವ ತಟ್ಟೆಯ ತುಂಬ ಚಕ್ಕುಲಿ ಹಿಡಿದು ಬಂದು ಕೂತರು. ನಾನು ಬಾಗಿಲ ಹಿಂದೆ. ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

ಅವರು ವಿಮಾನವನ್ನು ಮಗುವನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡರು. ರೆಕ್ಕೆ ನೋಡಿದರು. ತಂತಿ ಮೀಟಿದರು. ಮೂತಿಯ ಮೇಲೆ ಹೆಬ್ಬೆರಳು ಆಡಿಸಿದರು. "ಭೇಷ್! ಬರೇ ಕೈಯಿಂದ ತಟ್ಟ್ಯಾಳೇನ್ರಿ? ಒಂದು ಸುಕ್ಕಿಲ್ಲಲ್ರಿ!" ಅಪ್ಪನ ಎದೆ ಒಂದು ಗೇಣು ಮುಂದೆ ಬಂತು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಆಮೇಲೆ ಅವರು ಜೇಬಿನಿಂದ ಕ್ಯಾಲಿಪರ್ ತೆಗೆದರು. ಮೂತಿಗೆ ಇಟ್ಟರು. ಕನ್ನಡಕ ಒರೆಸಿಕೊಂಡು ಮತ್ತೆ ಇಟ್ಟರು. ಚಹಾ ಬದಿಗಿಟ್ಟು ಇನ್ನೊಮ್ಮೆ ಇಟ್ಟರು.

"ಎರಡು ಮಿಲಿಮೀಟರ್ ಜಾಸ್ತಿ ಐತಿ."

ಸಾಧ್ಯವೇ ಇಲ್ಲ! ನಾನು ಬಾಗಿಲ ಹಿಂದಿನಿಂದ ಹೊರಗೇ ಬಂದುಬಿಟ್ಟೆ.

"ಅಚ್ಚಿಗೆ ಏನು ಇಟ್ಟಿದ್ದಿಯವ್ವ?" ಎಂದು ಕೇಳಿದರು. ನಾನು ಅಜ್ಜಿಯ ಕಡೆ ನೋಡಿದೆ. ಅಜ್ಜಿ ಎಲ್ಲವನ್ನೂ ಹೇಳಿದಳು. ಡಬ್ಬಿ, ಹೊಗಳಿಕೆ, ಹುಗ್ಗಿ, ಹೋಳಿಗೆ, ಉಸುಕು, ಏನನ್ನೂ ಬಿಡಲಿಲ್ಲ. ಅವ್ವ ಹಣೆ ಹಣೆ ಬಡಿದುಕೊಂಡಳು. ಮೌನೇಶ್ ಡಬ್ಬಿ ತರಿಸಿ ಅಳೆದರು. ಹದಿನಾಲ್ಕು ಸೆಂಟಿಮೀಟರ್. ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಡಬ್ಬಿ ಪಾಸು!" ಎಂದರು. "ಕೆಲಸಕ್ಕ ತಗೊಂಬೋದಾದ್ರ ನಾನು ಈ ಡಬ್ಬಿನ್ನ ತಗೊಂತೀನಿ. ಅಲ್ಲವ್ವ, ಡಬ್ಬಿ ಮ್ಯಾಲೆ ತಗಡು ಹೊದಿಸಿದಿ, ಆ ತಗಡಿಗೆ ದಪ್ಪ ಅಂಬೋದು ಇಲ್ಲೇನು? ಈ ಕಡಿ ಒಂದು ಮಿಲಿಮೀಟರ್, ಆ ಕಡಿ ಒಂದು. ದೊಡ್ಡ ವಿಮಾನದಾಗ ಅದು ಒಂದು ಬೆರಳಷ್ಟಾಗ್ತೈತಿ. ನಿನ್ನ ವಿಮಾನ ದಿನಾ ಉಂಡಿ ತಿಂದಂಗ ಮೂತಿ ಉಬ್ಬಿಸ್ಕೊಂಡು ಕುಂತೈತಿ ನೋಡು!"

ಅಡ್ಡ ಇಟ್ಟಿದ್ದೆ, ಉದ್ದ ಇಟ್ಟಿದ್ದೆ, ಇಲ್ಲದ ಮೂಲೆಯಿಂದಲೂ ಇಟ್ಟಿದ್ದೆ. ತಗಡಿನ ದಪ್ಪವನ್ನು ಮಾತ್ರ ಅಳೆದಿರಲಿಲ್ಲ! ಸ್ಕೇಲನ್ನೇ ನಾಚಿಸುವವಳು ನಾನು! ಭೂಮಿ ಬಾಯಿ ತೆರೆದರೆ ಇಳಿದುಹೋಗೋಣ ಎಂದು ನೆಲ ನೋಡಿದೆ. ನೆಲ ತೆರೆಯಲಿಲ್ಲ. ಬದಲಿಗೆ ದೊಡ್ಡವ್ವನ ದನಿ ಕೇಳಿತು.

"ಅಂದ್ರ... ಉಂಡಿ ಚಲೋ ಅದಾವ ಅಂದಿದ್ದು ಉಂಡಿಗಲ್ಲ? ಡಬ್ಬಿಗಾ?"

ಅವರ ಮುಖ ಸಣ್ಣದಾಗಿತ್ತು. ಇಷ್ಟು ದಿನ ಒಲೆಯ ಮುಂದೆ ನಿಂತು ಬೆಂದವರು, ಬೀಗರ ಮುಂದೆ ನಮ್ಮ ಮಾನ ಉಳಿಸಿದವರು. ಅದನ್ನು ನೋಡಲಾಗಲಿಲ್ಲ.

"ಉಂಡಿನೂ ಚಲೋ ಇದ್ವು ದೊಡ್ಡವ್ವ," ಎಂದೆ. "ಡಬ್ಬಿ ಕೇಳಾಕ ನಾಚಿಕಿ ಆತು. ತಪ್ಪಾತು."

ಅಪ್ಪ ಬಾಯಿಯ ಹತ್ತಿರ ಒಯ್ದ ಚಕ್ಕುಲಿಯನ್ನು ಹಾಗೆಯೇ ಹಿಡಿದಿದ್ದ. ದೊಡ್ಡವ್ವ ಎದ್ದು ಬಂದು ನನ್ನ ಗಲ್ಲ ಹಿಡಿದು, "ಹುಚ್ಚಿ! ಇಷ್ಟು ಚಂದ ಮಾತಾಡ್ತಿ! ಒಂದು ಮಾತು ಕೇಳಿದ್ರ ಡಬ್ಬಿ ಏನು, ಅಟ್ಟದ ಮ್ಯಾಲಿನ ಹಂಡೇನೂ ಇಳಿಸಿ ಕೊಡ್ತಿದ್ನಲ್ಲ! ನನ್ನ ಸೊಂಟ ಮುರೀತು, ನಿಮ್ಮವ್ವಂದೂ ಮುರೀತು!" ಎಂದು ನಕ್ಕುಬಿಟ್ಟರು. ಅವ್ವನೂ ನಕ್ಕಳು.

ಮೌನೇಶ್ ವಿಮಾನವನ್ನು ಮೆಲ್ಲಗೆ ಕೆಳಗಿಟ್ಟರು.

"ಕೈ ಐತಿ ನಿನಗ. ಅದು ಕಲ್ಸಿದ್ರ ಬರೋದಲ್ಲ. ಆದ್ರ ತಗಡಿನ ದಪ್ಪ ಎಷ್ಟು ಹಿಡೀಬೇಕು ಅಂತ ನನಗೊಂದು ಫೋನ್ ಮಾಡಿ ಕೇಳಿದ್ರ ಮುಗೀತಿತ್ತು. ನಮ್ಮ ವರ್ಕ್‌ಶಾಪಿನ್ಯಾಗ ಕೇಳದೆ ಮಶೀನಿಗೆ ಕೈ ಹಾಕಿದ್ರ ಬೆರಳು ಹೋಗ್ತಾವ. ಸರಿಯಾದ ಅಳತಿ ಮೂತಿ ಮಾಡ್ಕೊಂಡು ನೀನೇ ಹೊಸಪ್ಯಾಟಿಗೆ ಬಾ. ನಿಮ್ಮಪ್ಪ ಮಾತಾಡಬಾರದು, ನಿಮ್ಮಜ್ಜಿಯಂತೂ ಬರಲೇಬಾರದು! ಹೆಂಗ ಮಾಡಿದಿ ಅಂತ ನೀನೇ ಹೇಳಬೇಕು. ಅವತ್ತಿಂದ ಕೆಲಸ."

ಅವ್ವ ನನ್ನನ್ನು ನೋಡಿದಳು. ನಾನು ತಲೆಯಾಡಿಸಲು ಹೋಗಿ, ನಿಲ್ಲಿಸಿ, "ಹ್ಞೂಂ ಸರ್, ಬರ್ತೀನಿ," ಎಂದೆ.

ಅವರು ಹೋದ ಮೇಲೆ ಅಜ್ಜಿ ಕೇಳಿದಳು: "ಎರಡು ಮಿಲಿಮೀಟ್ರು ಅಂದ್ರ ಎಷ್ಟಾತವ್ವ?"

"ಒಂದು ಅಕ್ಕಿಕಾಳಿನ ದಪ್ಪ ಅಜ್ಜಿ."

"ಅಷ್ಟೇನಾ! ಒಂದು ಅಕ್ಕಿಕಾಳು ಉಳ್ಸಾಕ ಎರಡು ಮನಿ ಸೇರಿ ಒಂದು ಚೀಲ ಅಕ್ಕಿ ತಿಂದ್ವಲ್ಲೇ!"

ದೊಡ್ಡವ್ವನ ಮನೆಯಲ್ಲಿ ಇದಕ್ಕಿಂತ ಒಂದು ಸುತ್ತು ಸಣ್ಣ ಡಬ್ಬಿ ಇದೆಯಂತೆ. ಅದರ ಅಳತೆ ಸರಿಯಿದೆಯೋ ಇಲ್ಲವೋ ಗೊತ್ತಿಲ್ಲ. ಕೇಳಿದರೆ ಮಾತ್ರ ಕೊಡುತ್ತೇನೆ, ಉಂಡಿ ತುಂಬಿ ಕಳಿಸುವುದಿಲ್ಲ ಎಂದಿದ್ದಾರೆ. ಇವತ್ತು ಸಂಜೆ ತಗಡಿನ ದಪ್ಪ ಅಳೆದಿಟ್ಟುಕೊಳ್ಳುತ್ತೇನೆ. ನಾಳೆ ಬೆಳಿಗ್ಗೆ ಪಕ್ಕದ ಮನೆಗೆ ಹೋಗಿ, ಬಾಗಿಲು ತಟ್ಟಿ, ಸಣ್ಣ ಡಬ್ಬಿ ಕೊಡಿ ಎಂದು ನಾನೇ ಕೇಳುತ್ತೇನೆ.